ಎರಡು ತಿಂಗಳ ಅಡ್ವಾನ್ಸ್: ವಾಟ್ಸಾಪ್‌ನಲ್ಲಿದೆ, ಕಾನೂನಿನಲ್ಲಿಲ್ಲ

ಪ್ರಶ್ನೆ: ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲವಂತೆ. ಬೆಂಗಳೂರಿನ ನಮ್ಮ ಓನರ್ ಹತ್ತು ತಿಂಗಳದ್ದು ಕೇಳುತ್ತಿದ್ದಾರೆ. ಎಲ್ಲಿ ದೂರು ಕೊಡಲಿ?

ಉತ್ತರ: ಎಲ್ಲೂ ಇಲ್ಲ. ಆ ಮಿತಿ ಇರುವುದು 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಕೇಂದ್ರ ಸಂಪುಟ ಒಪ್ಪಿ ರಾಜ್ಯಗಳಿಗೆ ಕಳಿಸಿದ ಕರಡು ಅದು; ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳುವವರೆಗೆ ಬರೀ ಕಾಗದ. ಫಾರ್ವರ್ಡ್ ಮಾಡುವವರಿಗೆ ಇಷ್ಟು ಓದುವ ವ್ಯವಧಾನ ಇಲ್ಲ. ನಮ್ಮಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಅದೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಯನ್ನು ಮುಟ್ಟುವುದಿಲ್ಲ. ಈಗ ಗಾರೆ ಕೆಲಸದವರ ಒಂದು ಕೋಣೆಗೂ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ಸರ್ಕಾರದ ವಸತಿ ಯೋಜನೆಗಳ ಬಹುಪಾಲು ದುಡ್ಡು ಹೋಗುವುದು ಮನೆ ಕಟ್ಟಿಸುವವರಿಗೆ, ಕೊಳ್ಳುವವರಿಗೆ. 15,000ದ ಮನೆಗೆ ಒಂದೂವರೆ ಲಕ್ಷ ಹೊಂದಿಸಬೇಕಾದವರು ಯಾರ ಲೆಕ್ಕದಲ್ಲೂ ಇಲ್ಲ. ನಿಮ್ಮ ರಕ್ಷಣೆಗೆ ಉಳಿಯುವುದು ನೀವು ಸಹಿ ಹಾಕುವ ಕರಾರು ಮಾತ್ರ.

ಹಾಗಾಗಿ ಮೊದಲು ಚೌಕಾಸಿ ಮಾಡಿ. ಒಪ್ಪಿದ ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟು ಮೊತ್ತ, ದಿನಾಂಕ, ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಕರಾರಿನಲ್ಲಿ ಬರೆಸಿ. ‘ಬೀಗದಕೈ ಒಪ್ಪಿಸಿದ ದಿನವೇ ವಾಪಸ್’ ಎಂದಿರಲಿ. ‘ಹೊಸ ಬಾಡಿಗೆದಾರರು ಬಂದ ಮೇಲೆ’ ಎಂಬ ಸಾಲು ಕಂಡರೆ ಹೊಡೆಸಿಹಾಕಿ. ದುಡ್ಡು ಸಿಕ್ಕಿಕೊಳ್ಳುವುದೇ ಅಲ್ಲಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ರೂಢಿಯೇ ಹೊರತು ಕಾನೂನಲ್ಲ. ಒಪ್ಪುವುದಾದರೆ ಮೊತ್ತ ನಮೂದಿಸಿ. ‘ಇತರೆ ದುರಸ್ತಿ’ ಎಂದು ಬಾಗಿಲು ತೆರೆದಿಡಬೇಡಿ. ಸಾಮಾನು ಇಳಿಸುವ ಮುಂಚೆ ಗೋಡೆ, ನಲ್ಲಿ, ಗೀಸರ್, ಕರೆಂಟ್ ಮೀಟರಿನ ರೀಡಿಂಗ್ ಎಲ್ಲ ವಿಡಿಯೊ ಮಾಡಿ ಅದೇ ದಿನ ಓನರ್‌ಗೂ ಕಳಿಸಿ.

ವಾಪಸ್ ಕೊಡದಿದ್ದರೆ ಠಾಣೆಗೆ ಅಲೆಯಬೇಡಿ, ‘ಸಿವಿಲ್ ವಿಷಯ’ ಎಂದು ಸಾಗಹಾಕುತ್ತಾರೆ. ಲಾಯರ್ ನೋಟಿಸ್ ಕೊಡಿ. ಅದಕ್ಕೂ ಜಗ್ಗದಿದ್ದರೆ ಮೂರು ವರ್ಷದೊಳಗೆ ದಾವೆ. ಆದರೆ ಕೋರ್ಟಿನ ಅಲೆದಾಟಕ್ಕೆ ಹೆದರಿ ಬಹಳಷ್ಟು ಜನ ಅರ್ಧಕ್ಕೇ ರಾಜಿಯಾಗುತ್ತಾರೆ. ಅದಕ್ಕೇ, ಮನೆ ಬಿಡುವ ನೋಟಿಸ್ ಅವಧಿಯ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಬೇಕೆಂದು ಮೊದಲೇ ಬರೆಸಿಕೊಳ್ಳುವುದು ಜಾಣತನ.

ಪ್ರಶ್ನೆ: ಓನರ್‌ಗೆ ಹತ್ತು ಲಕ್ಷ ಒಟ್ಟಿಗೆ ಕೊಟ್ಟು ಮನೆ ಭೋಗ್ಯಕ್ಕೆ ಹಾಕಿಕೊಂಡರೆ ಬಾಡಿಗೆಯೇ ಉಳಿಯುತ್ತದಲ್ಲ?

ಉತ್ತರ: ಮನೆಯ ಮೇಲಿನ ಬ್ಯಾಂಕ್ ಸಾಲವನ್ನು ಓನರ್ ಕಟ್ಟದೆ ಮನೆ ಬ್ಯಾಂಕಿನ ಪಾಲಾದರೆ ಹತ್ತು ಲಕ್ಷವೂ ಉಳಿಯುವುದಿಲ್ಲ. ಇ.ಸಿ. (ಮನೆಯ ಮೇಲಿನ ನೋಂದಾಯಿತ ವ್ಯವಹಾರ, ಋಣ ತೋರಿಸುವ ಪತ್ರ) ತೆಗೆಸಿ, ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಿ. ಜೆರಾಕ್ಸ್ ಮಾತ್ರ ತೋರಿಸಿದರೆ ಎದ್ದು ಬನ್ನಿ. ಭೋಗ್ಯ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ನೋಟರಿ ಸೀಲೇ ಸಾಕೆನ್ನುವ ಬ್ರೋಕರ್‌ಗೆ ತನ್ನ ಕಮಿಷನ್ನಿನ ಚಿಂತೆ.

ಪ್ರಶ್ನೆ: ಹನ್ನೆರಡು ವರ್ಷ ಇದ್ದರೆ ಬಾಡಿಗೆದಾರರೇ ಮಾಲೀಕರಾಗುತ್ತಾರಾ?

ಉತ್ತರ: ಇಲ್ಲ. ಬಾಡಿಗೆದಾರರಾಗಿ ಬಂದವರು ಬಾಡಿಗೆದಾರರೇ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಇದ್ದ ಮನೆಗಳು ಸುಮಾರು 1.1 ಕೋಟಿ. ಮನೆ ಕೈತಪ್ಪೀತೆಂಬ ಮಾಲೀಕರ ಇಂಥ ಹೆದರಿಕೆಗೆ ಬೀಗ ಬಿದ್ದವೂ ಅವುಗಳಲ್ಲಿದ್ದಾವು.