ಲೆಸ್ಟರಿನ ಹಳೆ ಮನೆ, ನಿಮ್ಮ ಮೂರು ಪ್ರಶ್ನೆ

ಇಂಗ್ಲೆಂಡಿನ ಲೆಸ್ಟರಿನಲ್ಲಿ 1905ರ ಸುಮಾರಿನ ಸಾಲುಮನೆ ಕೊಂಡಿದ್ದೀರಿ. ಗೋಡೆಗಳಿಗೆ ಇನ್ಸುಲೇಷನ್ (ಚಳಿ ತಡೆಯುವ ಪದರ), ಹೀಟ್ ಪಂಪ್ (ಹೊರಗಿನ ಗಾಳಿಯ ಬಿಸಿಯನ್ನು ಎಳೆದು ಮನೆ ಕಾಯಿಸುವ ಯಂತ್ರ), ಚಾವಣಿಗೆ ಸೋಲಾರ್ ಫಲಕ, ಹಿಂಭಾಗಕ್ಕೊಂದು ದೊಡ್ಡ ಅಡುಗೆಮನೆ, ಎಲ್ಲವೂ ಬೇಸಿಗೆಗೆ ಅಪ್ಪ ಅಮ್ಮ ಬರುವುದರೊಳಗೆ ಆಗಬೇಕು. ಯಾವುದಕ್ಕೆ ಅನುಮತಿ ಬೇಕು, ಖರ್ಚು ಎಲ್ಲಿ ಉಳಿಯುತ್ತದೆ, ಮೊದಲು ಕಟ್ಟಿಬಿಟ್ಟು ಆಮೇಲೆ ಕಾಗದಪತ್ರ ಸರಿಮಾಡಿಕೊಂಡರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ.

ಕೊನೆಯ ಪ್ರಶ್ನೆ ಓದಿ ನಗು ಬಂತು. ಅಕ್ರಮ-ಸಕ್ರಮದ ಸುದ್ದಿ ಕೇಳುತ್ತಲೇ ಬೆಳೆದವರು ನಾವು. ಆ ಲೆಕ್ಕಾಚಾರ ತಲೆಯಿಂದ ಅಷ್ಟು ಬೇಗ ಹೋಗುವುದಿಲ್ಲ. ಕಟ್ಟಿದ ಮೇಲೆ ಅರ್ಜಿ ಹಾಕಲು ಇಲ್ಲಿಯೂ ಅವಕಾಶವಿದೆ. ಆದರೆ ಕಟ್ಟಿಯಾಗಿದೆ ಎಂಬ ಕಾರಣಕ್ಕೆ ಯಾರೂ ಕರುಣೆ ತೋರಿಸುವುದಿಲ್ಲ. ಅರ್ಜಿ ತಿರಸ್ಕೃತವಾದರೆ ಕೆಡವಲು ನೋಟಿಸ್ ಬರಬಹುದು, ಆ ನೋಟಿಸನ್ನು ಮೀರುವುದು ಅಪರಾಧ. ಕಟ್ಟಡ ಕೆಲಸಕ್ಕೆ ನಾಲ್ಕು ವರ್ಷ ಕಳೆದರೆ ಕೌನ್ಸಿಲ್ (ಇಲ್ಲಿನ ನಗರಸಭೆ) ಏನೂ ಮಾಡುವಂತಿಲ್ಲ ಎಂದು ಹಳಬರು ಹೇಳುವುದುಂಟು. ಇಂಗ್ಲೆಂಡಿನಲ್ಲಿ 2024ರ ಏಪ್ರಿಲ್ 25ರಿಂದ ಆ ಅವಧಿ 10 ವರ್ಷವಾಗಿದೆ. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡವಾದರಂತೂ ಒಪ್ಪಿಗೆಯಿಲ್ಲದೆ ಅದರ ಸ್ವರೂಪ ಕೆಡಿಸುವುದೇ ಅಪರಾಧ, ಅದಕ್ಕೆ ಕಾಲಮಿತಿಯೂ ಇಲ್ಲ.

ನಿಮ್ಮ ಪಟ್ಟಿಯಲ್ಲಿರುವ ಹೆಚ್ಚಿನ ಕೆಲಸಕ್ಕೆ ಪ್ಲಾನಿಂಗ್ ಪರ್ಮಿಷನ್ ಬೇಕಾಗಲಿಕ್ಕಿಲ್ಲ. ಸಾಲುಮನೆಯ ಹಿಂದೆ ಒಂದೇ ಅಂತಸ್ತಿನಲ್ಲಿ 3 ಮೀಟರ್‌ವರೆಗೆ ಕಟ್ಟಲು, ಎತ್ತರ ಮುಂತಾದ ಷರತ್ತುಗಳಿಗೆ ಒಳಪಟ್ಟು, ಅನುಮತಿ ಇದೆಯೆಂದೇ ಲೆಕ್ಕ. 6 ಮೀಟರ್‌ವರೆಗೆ ಬೇಕೆಂದರೆ ಕೌನ್ಸಿಲ್ ಮೊದಲು ಅಕ್ಕಪಕ್ಕದವರನ್ನು ಕೇಳುತ್ತದೆ. ಸೋಲಾರ್ ಫಲಕ ಚಾವಣಿಯ ಇಳಿಜಾರಿನಿಂದ 200 ಮಿಲಿಮೀಟರಿಗಿಂತ ಹೊರಚಾಚದಿದ್ದರೆ ಸಾಮಾನ್ಯವಾಗಿ ಸಾಕು. ಹೀಟ್ ಪಂಪ್ ಪಕ್ಕದ ಮನೆಯ ಗಡಿಯಿಂದ ಒಂದು ಮೀಟರ್ ದೂರ ಇರಬೇಕೆಂಬ ನಿಯಮವನ್ನು 2025ರ ಮೇ ತಿಂಗಳಲ್ಲಿ ತೆಗೆದರು, ಸದ್ದಿನ ಮಿತಿ ಉಳಿದಿದೆ. ಆದರೆ ನಿಮ್ಮ ಬೀದಿ ಹಳೆ ಕಟ್ಟಡಗಳ ಸಂರಕ್ಷಣಾ ವಲಯದಲ್ಲಿದೆಯೇ, ಅಲ್ಲಿಗೆ ಆರ್ಟಿಕಲ್ 4 ಆದೇಶ (ಇಂಥ ವಿನಾಯಿತಿಗಳನ್ನು ಹಿಂತೆಗೆದುಕೊಳ್ಳುವ ಕೌನ್ಸಿಲ್ ಆದೇಶ) ಅನ್ವಯವಾಗುತ್ತದೆಯೇ ಎಂಬುದನ್ನು ಕೌನ್ಸಿಲ್‌ನ ನಕ್ಷೆಯಲ್ಲಿ ಮೊದಲು ನೋಡಿಕೊಳ್ಳಿ. ಹೌದಾದರೆ ಕಿಟಕಿ ಬದಲಿಸುವುದಕ್ಕೂ ಅರ್ಜಿ ಬೇಕಾಗಬಹುದು. ಅರ್ಜಿ ಹಾಕಲೇಬೇಕಾಗಿ ಬಂದರೆ ಎಂಟು ವಾರ ಹಿಡಿಯಿರಿ. ಶುಲ್ಕ 2025ರ ಏಪ್ರಿಲ್‌ನಲ್ಲಿ 258 ಪೌಂಡಿನಿಂದ ಒಮ್ಮೆಲೇ 528 ಪೌಂಡಿಗೆ ಏರಿತು. ಅನುಮತಿ ಬೇಡದ ಕೆಲಸವಾದರೂ ಅದು ಕಾನೂನುಬದ್ಧವೆಂದು ಒಂದು ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಮನೆ ಮಾರುವ ದಿನ ಖರೀದಿದಾರರ ವಕೀಲರು ಕೇಳುವುದು ಅದನ್ನೇ.

ಪ್ಲಾನಿಂಗ್ ಬೇರೆ, ಬಿಲ್ಡಿಂಗ್ ರೆಗ್ಯುಲೇಷನ್ಸ್, ಅಂದರೆ ಕಟ್ಟಡದ ಸುರಕ್ಷತೆ, ಗುಣಮಟ್ಟದ ನಿಯಮಗಳು, ಬೇರೆ. ಮೊದಲನೆಯದು ಬೇಡವೆಂದಾದರೂ ಎರಡನೆಯದು ತಪ್ಪುವುದಿಲ್ಲ. ಸಾಲುಮನೆಯಲ್ಲಿ ಮೂರನೆಯದೂ ಒಂದಿದೆ, 1996ರ ಪಾರ್ಟಿ ವಾಲ್ ಕಾಯಿದೆ. ಎರಡು ಮನೆಗಳ ನಡುವಿನ ಗೋಡೆಗೆ ತೊಲೆ ಸೇರಿಸುವುದಿದ್ದರೆ ಎರಡು ತಿಂಗಳು ಮುಂಚೆ ಪಕ್ಕದವರಿಗೆ ಲಿಖಿತ ನೋಟಿಸ್ ಕೊಡಬೇಕು. ಅವರು ಹದಿನಾಲ್ಕು ದಿನದೊಳಗೆ ಒಪ್ಪಿಗೆ ಕೊಡದಿದ್ದರೆ ವಿವಾದವೆಂದೇ ಅರ್ಥ. ಅದನ್ನು ಬಗೆಹರಿಸುವ ಸರ್ವೇಯರ್‌ಗಳ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೇ ಬರುತ್ತದೆ. ನೋಟಿಸ್ ಅಂಚೆಯಲ್ಲಿ ಹೋಗಿ ಬೀಳುವ ಮೊದಲು ನೀವೇ ಹೋಗಿ ಬಾಗಿಲು ತಟ್ಟಿ. ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಕುಳಿತು ತೋರಿಸಿ. ಊರಿನಲ್ಲಿ ಗೃಹಪ್ರವೇಶಕ್ಕೆ ಕರೆಯುವಷ್ಟೇ ಮುತುವರ್ಜಿ ಇಲ್ಲಿ ಪಾಯ ತೋಡುವುದಕ್ಕೆ ಬೇಕು.

ಖರ್ಚಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಮೇಸ್ತ್ರಿಗಳ ದರ ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಹೀಟ್ ಪಂಪಿಗೆ ಸರ್ಕಾರದ ಸಹಾಯಧನ 7,500 ಪೌಂಡ್; ಅದಕ್ಕೆ ಅರ್ಜಿ ಹಾಕುವುದು ಅಳವಡಿಸುವವರೇ, ಬಿಲ್ಲಿನಲ್ಲಿ ಕಳೆದು ಕೊಡುತ್ತಾರೆ. ಇನ್ಸುಲೇಷನ್, ಹೀಟ್ ಪಂಪ್, ಸೋಲಾರ್ ಇವುಗಳ ಅಳವಡಿಕೆಗೆ 2027ರ ಮಾರ್ಚ್ 31ರವರೆಗೆ ವ್ಯಾಟ್ ಶೂನ್ಯ. ಸಾಮಾನು ಅಗ್ಗವಾಗಿ ಸಿಗುತ್ತದೆಂದು ನೀವೇ ಕೊಂಡು ತಂದರೆ ಮಾತ್ರ ಶೇ 20 ತೆರಬೇಕು. ನಮ್ಮವರ ಜಾಣತನ ಕೈಕೊಡುವ ಜಾಗ ಇದು. ಹೊಸ ಮನೆ ಕಟ್ಟಿದರೆ ವ್ಯಾಟ್ ಇಲ್ಲ, ಇರುವ ಮನೆಯನ್ನು ದುರಸ್ತಿ ಮಾಡಿದರೆ ಬಹುಪಾಲು ಕೆಲಸಕ್ಕೆ ಶೇ 20. ಇರುವುದನ್ನು ಉಳಿಸಿಕೊಳ್ಳಿ ಎಂದು ಉಪದೇಶಿಸುವ ದೇಶದ ತೆರಿಗೆ ಹೀಗಿದೆ!

ಇನ್ನು ನೀವು ಕೇಳದೇ ಇರುವ ವಿಷಯ: ಗೋಡೆ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದನ್ನೇ.

ಹೊರಗೆ ನಿಂತು ಇಟ್ಟಿಗೆಗಳನ್ನು ನೋಡಿ. ಉದ್ದ ಮುಖದ ಇಟ್ಟಿಗೆಗಳ ನಡುನಡುವೆ ಗಿಡ್ಡ ಮುಖದವು ಕಾಣುತ್ತಿದ್ದರೆ ಅದು ಬಹುತೇಕ ಒಂಬತ್ತು ಇಂಚಿನ ಇಡೀ ಗೋಡೆ, ನಡುವೆ ಪೊಳ್ಳು ಇಲ್ಲ. ಅಂಥ ಗೋಡೆ ಮಳೆಯನ್ನು ತಡೆಯುವುದಿಲ್ಲ. ಸ್ವಲ್ಪ ಕುಡಿದು, ಗಾಳಿ ಬೀಸಿದಾಗ ಮತ್ತೆ ಹೊರಗೆ ಬಿಡುತ್ತದೆ. ಸುಣ್ಣದ ಗಾರೆಯಲ್ಲಿ ಕಟ್ಟಿರುವುದೇ ಅದಕ್ಕೆ. ನಾನು ಕೊಂಡ ಮನೆಯಲ್ಲಿ ಹಿಂದಿನವರು ಸಂದುಗಳಿಗೆಲ್ಲ ಸಿಮೆಂಟ್ ತುಂಬಿಸಿ, ಒಳಗೆ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿಸಿದ್ದರು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಗದ್ದೆಗಿಳಿದವನ ಬೆನ್ನಿನಂತೆ ಗೋಡೆ ಒಳಗೊಳಗೇ ಒದ್ದೆಯಾಗಿತ್ತು. ಸಿಮೆಂಟಿನ ಸಂದು ಗಟ್ಟಿ, ಹಳೆ ಇಟ್ಟಿಗೆ ಮೆದು. ಸಿಕ್ಕಿಕೊಂಡ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನೇ ಚಕ್ಕೆ ಚಕ್ಕೆಯಾಗಿ ಎಬ್ಬಿಸಿತ್ತು. ಮರದ ನೆಲದಡಿಗೆ ಗಾಳಿ ಹೋಗಲೆಂದು ಗೋಡೆಯ ಬುಡದಲ್ಲಿ ಬಿಟ್ಟಿದ್ದ ತೂತಿನ ಇಟ್ಟಿಗೆಗಳನ್ನೂ ಚಳಿಯೆಂದು ಮುಚ್ಚಿದ್ದರು. ಹಲಗೆ ಎತ್ತಿ ನೋಡಿದರೆ ಗೋಡೆಗೆ ಸೇರಿದ್ದ ತೊಲೆಯ ತುದಿಯೊಳಕ್ಕೆ ಸ್ಕ್ರೂಡ್ರೈವರ್ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

ಅಂಥ ಗೋಡೆಯ ಒಳಮೈಗೆ ಇನ್ಸುಲೇಷನ್ನಿನ ಫೋಮ್ ಹಲಗೆ ಬಡಿದರೆ ಏನಾಗುತ್ತದೆ ನೋಡಿ. ಇಟ್ಟಿಗೆ ಮೊದಲಿಗಿಂತ ತಣ್ಣಗಾಗುತ್ತದೆ. ಸಂದಿಯೊಂದು ಬಿಟ್ಟಿದ್ದರೆ ಕುಕ್ಕರಿನ ಹಬೆ, ಸ್ನಾನದ ಹಬೆ ಹಲಗೆಯ ಹಿಂದೆ ಸೇರಿ ಅಲ್ಲಿಯೇ ನೀರಾಗುತ್ತದೆ. ಮುಂದೆ ಗೋಡೆ ನುಣುಪಾಗಿಯೇ ಕಾಣುತ್ತಿರುತ್ತದೆ, ಹಿಂದೆ ಬೂಷ್ಟು ಬೆಳೆಯುತ್ತಿರುತ್ತದೆ. ಮೊದಲು ಗೋಡೆ ಒಣಗಬೇಕು. ಸಿಮೆಂಟ್ ತೆಗೆಸಿ, ಸುಣ್ಣದಲ್ಲಿ ಸಂದು ತುಂಬಿಸಿ, ತೂತಿನ ಇಟ್ಟಿಗೆಗಳನ್ನು ಬಿಡಿಸಿ, ಕಾಯಬೇಕು. ಒಂದು ಇಂಚು ದಪ್ಪ ಒಣಗಲು ಒಂದು ತಿಂಗಳು ಎಂಬುದು ಇಲ್ಲಿನ ಕೆಲಸಗಾರರ ಅಂದಾಜು. ನಿಮ್ಮದು ಒಂಬತ್ತು ಇಂಚು. ಆಮೇಲೆ ಒಳಮೈಗೆ ಮರದ ನಾರಿನ ಹಲಗೆ, ಅದರ ಮೇಲೆ ಸುಣ್ಣದ ಗಿಲಾವು. ಅದರ ಜೊತೆಗೆ ಅಡುಗೆಮನೆ, ಬಚ್ಚಲುಮನೆಗಳ ಹಬೆ ಎಳೆಯುವ ಫ್ಯಾನ್ ಇರಲೇಬೇಕು. ನಾನು ಬಂದ ಹೊಸತರಲ್ಲಿ ಬಾಡಿಗೆ ಕೋಣೆಯ ಬೀರುವಿನ ಹಿಂದೆ ಬೂಷ್ಟು ಕಂಡು, ಚಳಿಗೆ ಹೀಗಾಯಿತೆಂದುಕೊಂಡು ಕಿಟಕಿಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತಿದ್ದೆ. ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ ಬೇರೆ. ಹಾಗೆ ಮಾಡಬಾರದೆಂದು ಹೇಳುವವರಿರಲಿಲ್ಲ.

ಊರಿನ ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಮಣ್ಣಿನ ಗೋಡೆ, ಗಾರೆ ನೆಲ, ಮೊಣಕಾಲೆತ್ತರಕ್ಕೆ ಬಗ್ಗಿ ಹೋಗಬೇಕಾದಷ್ಟು ಇಳಿಬಿಟ್ಟ ಸೂರು. ಮಳೆಗಾಲಕ್ಕೆ ಮೊದಲು ಗಾಳಿ ಬೀಸುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಮಳೆ ನಿಂತ ಮೇಲೆ ಬಿಚ್ಚುತ್ತಿದ್ದರು. ಇಲ್ಲಿ ಗಂಟೆಗಿಷ್ಟು ಎಂದು ಪೌಂಡ್ ಕೊಟ್ಟು ಕರೆಸಿದ ಸಲಹೆಗಾರರು ಹೇಳಿದ್ದು ಇದನ್ನೇ: ಮಳೆ ಗೋಡೆಗೆ ಬೀಳದಂತೆ ನೋಡಿಕೊಳ್ಳಿ, ಬಿದ್ದದ್ದು ಒಣಗಲು ಬಿಡಿ. ನಾನು ಇಲ್ಲಿ ಯಾರೋ ಕಟ್ಟಿದ ಗೋಡೆಗೆ ಸುಣ್ಣ ಹುಡುಕುತ್ತಿದ್ದ ವರ್ಷವೇ ಅಲ್ಲಿ ಹಿಸ್ಸೆಯಾಗಿ, ಮನೆ ಇಳಿಸಿ, ಆರ್‌ಸಿಸಿ ಹಾಕಿದರು. ನನ್ನ ತಮ್ಮ ಫೋನಿನಲ್ಲಿ ಚಿತ್ರ ಕಳುಹಿಸಿದ್ದ. ಬಾಗಿಲುವಾಡ ಒಂದನ್ನು ಮಾತ್ರ ಗೋಡೆಗೆ ಒರಗಿಸಿಟ್ಟಿದ್ದರು. ಅಲ್ಲಿ ಇರುವವರು ಅವರು, ನೆಲ ಸಾರಿಸಿ ಬೆನ್ನು ನೋಯಿಸಿಕೊಂಡವರೂ ಅವರೇ. ಬೇಡವೆನ್ನಲು ನನಗೆ ಬಾಯಿಲ್ಲ. ಆದರೂ ಇಲ್ಲಿನ ಈ ಮನೆಯನ್ನು ನೋಡಿ ಯಾರಾದರೂ ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೀರಿ ಎಂದಾಗ ಸಂತೋಷ ಪೂರ್ತಿಯಾಗಿ ಆಗುವುದಿಲ್ಲ.

ನಿಮ್ಮ ಬೇಸಿಗೆಯ ಗಡುವಿಗೆ ಬರುತ್ತೇನೆ. ಎಲ್ಲವೂ ಮುಗಿಯುವುದಿಲ್ಲ, ಮುಗಿಸಿ ಕೊಡುತ್ತೇನೆ ಎನ್ನುವವರಿಗೆ ಮುಂಗಡ ಕೊಡಬೇಡಿ. ಈ ವರ್ಷಕ್ಕೆ ಗಟರ್ ದುರಸ್ತಿ, ಗೋಡೆಯ ಬುಡದ ತೂತುಗಳನ್ನು ಬಿಡಿಸುವುದು, ಅಟ್ಟಕ್ಕೆ 270 ಮಿಲಿಮೀಟರ್ ಇನ್ಸುಲೇಷನ್ ಉಣ್ಣೆ ಹಾಸುವುದು, ಇಷ್ಟು ಸಾಕು. ಇವಕ್ಕೆ ಪ್ಲಾನಿಂಗ್ ಅರ್ಜಿಯ ಗೊಡವೆಯೂ ಇಲ್ಲ. ಗಿಲಾವು ಕೆರೆಯುವ ಮೊದಲು ಚಾವಣಿಯ ಒಳಮೈಯಲ್ಲಿ ಉಬ್ಬುತಗ್ಗಿನ ಹಳೆ ಲೇಪ ಇದ್ದರೆ ಪರೀಕ್ಷೆ ಮಾಡಿಸಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು; ಅದು ಇಲ್ಲಿ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅಟ್ಟದಲ್ಲಿ ಬಾವಲಿ ಹಿಕ್ಕೆ ಕಂಡರೆ ಕೆಲಸ ನಿಲ್ಲಿಸಿ ತಜ್ಞರನ್ನು ಕರೆಸಿ. ಬಾವಲಿಗಳು ಇಲ್ಲದ ಹೊತ್ತಿನಲ್ಲಿಯೂ ಅವುಗಳ ನೆಲೆಗೆ ಕಾನೂನಿನ ರಕ್ಷಣೆಯಿದೆ.

ಹೀಟ್ ಪಂಪ್ ಗೋಡೆಗಳ ಕೆಲಸದ ನಂತರ ಬರಲಿ, ಆಗ ಚಿಕ್ಕದೇ ಸಾಕಾಗುತ್ತದೆ. ಅಪ್ಪ ಅಮ್ಮನ ಟಿಕೆಟ್ ಮಾತ್ರ ಮುಂದೂಡಬೇಡಿ. ಅಡುಗೆಮನೆ ಚಿಕ್ಕದೆಂದು ಅಮ್ಮ ನಾಲ್ಕು ಮಾತು ಆಡುತ್ತಾರೆ, ಆಡಲಿ. ಆ ಸಾಲುಮನೆಗಳ ಮೆಟ್ಟಿಲು ಕಡಿದಾಗಿರುತ್ತದೆ, ಅವರು ಬರುವ ಮೊದಲು ಎರಡೂ ಬದಿಗೆ ಹಿಡಿಕೆ ಹಾಕಿಸಿಬಿಡಿ.