ಅಣ್ಣನಿಗೆ ಬ್ರೇನ್ ಡೆತ್ ಅಂತಾರೆ, ಅತ್ತಿಗೆ ನಂಬುತ್ತಿಲ್ಲ. ಅವರನ್ನು ಒಪ್ಪಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ನಿಮ್ಮ ಅಣ್ಣ ಐದು ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ಬ್ರೇನ್ ಡೆತ್, ಅಂದರೆ ಮಿದುಳು ಸತ್ತಿದೆ ಎಂದು ಖಚಿತಪಡಿಸುವ ಮೊದಲ ಸಲದ ಪರೀಕ್ಷೆ ಮುಗಿದಿದೆ, ಎರಡನೆಯದು ಆಗಬೇಕು. ಚಿಕ್ಕಪ್ಪ "ಇನ್ನೂ ಯಾಕೆ ಅವನನ್ನು ಎಳೆದಾಡೋದು" ಅನ್ನುತ್ತಾರೆ. ಅತ್ತಿಗೆ "ಮೈ ಬೆಚ್ಚಗಿದೆ, ಎದೆ ಬಡೀತಿದೆ, ಆ ನರ್ಸ್ ಅರುಣಾ ಶಾನಭಾಗ್ ಹಾಸಿಗೆ ಮೇಲೇ 42 ವರ್ಷ ಬದುಕಿರಲಿಲ್ವಾ" ಅನ್ನುತ್ತಾರೆ. ಅವರನ್ನು ಒಪ್ಪಿಸೋದು ಹೇಗೆ ಎಂದು ಕೇಳಿದ್ದೀರಿ.

ಒಪ್ಪಿಸಲು ಹೋಗಬೇಡಿ. ಎರಡನೇ ಪರೀಕ್ಷೆ ಮಾಡುವಾಗ ಅತ್ತಿಗೆಯನ್ನು ಒಳಗೆ ನಿಲ್ಲಲು ಬಿಡಿ ಎಂದು ಡಾಕ್ಟರನ್ನು ಕೇಳಿಕೊಳ್ಳಿ. ನಾನು ಹೇಳಬಹುದಾದ ಮುಖ್ಯ ಮಾತು ಇದೇ. ಯಾಕೆ ಎಂದು ಹೇಳುತ್ತೇನೆ.

2019ರ ಡಿಸೆಂಬರ್, ಅಡಿಕೆ ಕೊಯ್ಲಿನ ಸಮಯ. ನನ್ನ ತಮ್ಮ ಅಡಿಕೆ ಬೇಯಿಸುವ ಒಲೆಯ ಹತ್ತಿರ ಕುಸಿದು ಬಿದ್ದ. 38 ವರ್ಷ. ಬಿಪಿ ಇತ್ತು, ಮಾತ್ರೆ ಬಿಟ್ಟಿದ್ದ. ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತು. ತೀರ್ಥಹಳ್ಳಿ ಕಡೆಯ ನಮ್ಮೂರಿನಿಂದ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ನಾಲ್ಕನೇ ದಿನ ಬೆಳಿಗ್ಗೆ ಒಬ್ಬ ಡಾಕ್ಟರ್ ಕಾರಿಡಾರಿನಲ್ಲಿ ನಿಂತುಕೊಂಡೇ ಹೇಳಿದರು: "ಬ್ರೇನ್ ಡೆಡ್ ಆಗಿದೆ. ಮುಂದೇನು ಅಂತ ನೀವೇ ಮಾತಾಡ್ಕೊಂಡು ಹೇಳಿ."

ನಮ್ಮ ಮನೆ ಎರಡಾಗಿದ್ದು ಆ ಮಾತಿನಿಂದಲೇ. "ನಿಮ್ಮ ತಮ್ಮ ಹೋಗಿಬಿಟ್ಟಿದ್ದಾನೆ" ಎಂದಿದ್ದರೆ ಎಲ್ಲರೂ ಒಟ್ಟಿಗೆ ಅಳುತ್ತಿದ್ದೆವು. "ನೀವೇ ಹೇಳಿ" ಎಂದಾಗ ಅವನನ್ನು ಉಳಿಸೋದೂ ಕಳಿಸೋದೂ ನಮ್ಮ ಕೈಯಲ್ಲೇ ಇದೆ ಎಂದಾಯಿತು. ಕಳಿಸೋಣ ಎಂದವರು ಕಟುಕರಾದರು. ಬೇಡ ಎಂದವರು ತಿಳಿವಳಿಕೆ ಇಲ್ಲದವರಾದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನನಗೆ ಬೇಗ ಅರ್ಥವಾಯಿತು, ಅರ್ಥವಾಗಿದ್ದನ್ನು ಎಲ್ಲರಿಗೂ ಹೇಳುವುದು ನನ್ನ ಕೆಲಸ ಎಂದುಕೊಂಡೆ. ಔಷಧಿ ಚೀಟಿಯ ಹಿಂದೆ ಚಿತ್ರ ಬರೆದು ತಮ್ಮನ ಹೆಂಡತಿಗೆ ತೋರಿಸಿದೆ. ಇದು ಮಿದುಳಿನ ಕಾಂಡ, ಉಸಿರಾಡು ಅಂತ ಹೇಳೋದು ಇದೇ, ಇದು ಸತ್ತಿದೆ. ಹೃದಯಕ್ಕೆ ತನ್ನದೇ ಮಿಡಿತ ಇದೆ, ಮಷಿನ್ ಗಾಳಿ ಕೊಡುವವರೆಗೆ ಬಡಿಯುತ್ತಿರುತ್ತದೆ, ಅದಕ್ಕೇ ಮೈ ಬೆಚ್ಚಗಿರೋದು. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅವಳು ಚೀಟಿ ನೋಡಿದಳು, ನನ್ನ ಮುಖ ನೋಡಿದಳು. "ಅಕ್ಕಾ, ನಿಮಗೆ ಅವರು ಹೋದರೆ ಸಾಕಾಗಿದೆ ಅಲ್ವಾ" ಎಂದಳು.

ಅದೇ ಮಧ್ಯಾಹ್ನ ತಮ್ಮನ ಕೈ ಅಲುಗಿತು. ಅಮ್ಮ ನೋಡಿದರು. ಐಸಿಯು ಬಾಗಿಲಲ್ಲೇ ಜೋರಾಗಿ ಕೂಗಿದರು. ಆಮೇಲೆ ನನ್ನ ಮಾತು ಯಾರೂ ಕೇಳಲಿಲ್ಲ. ನಿಮ್ಮಲ್ಲೂ ಇದು ಆಗಬಹುದು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಮಿದುಳಿನ ಕಾಂಡ ಸತ್ತ ಮೇಲೂ ಬೆನ್ನುಹುರಿ ತನ್ನಷ್ಟಕ್ಕೆ ತಾನು ಸ್ನಾಯುಗಳನ್ನು ಎಳೆಯಬಹುದು. ಬೆರಳು ಮಡಚಬಹುದು, ಕಾಲು ಸೆಟೆಯಬಹುದು, ಅಪರೂಪಕ್ಕೆ ಎರಡೂ ಕೈ ಎದ್ದು ಎದೆಯ ಮೇಲೆ ಬರಬಹುದು. ಡಾಕ್ಟರು ಮೊದಲೇ ಹೇಳಿದ್ದರೆ ಒಂದು ಥರ. ನೋಡಿಬಿಟ್ಟ ಮೇಲೆ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅನ್ನಿಸುತ್ತದೆ.

ನಮ್ಮನ್ನು ಕಾಪಾಡಿದವರು ರಾತ್ರಿ ಪಾಳಿಯ ಒಬ್ಬ ಸಿಸ್ಟರ್. ಎರಡನೇ ಪರೀಕ್ಷೆಗೆ ಬಂದ ಡಾಕ್ಟರ ಹತ್ತಿರ ಅವರೇ ಮಾತಾಡಿ ತಮ್ಮನ ಹೆಂಡತಿಯನ್ನು ಒಳಗೆ ಕರೆದುಕೊಂಡು ಹೋದರು. ಜೊತೆಗೆ ನಾನು. ಕಣ್ಣಿಗೆ ಟಾರ್ಚ್ ಬಿಟ್ಟರು, ಪಾಪೆ ಕಿರಿದಾಗಲಿಲ್ಲ. ಕಣ್ಣುಗುಡ್ಡೆಗೆ ಹತ್ತಿಯ ಎಳೆ ಮುಟ್ಟಿಸಿದರು, ರೆಪ್ಪೆ ಮಿಟುಕಲಿಲ್ಲ. ಕಿವಿಯೊಳಗೆ ಐಸ್ ನೀರು ಬಿಟ್ಟರು, ಕಣ್ಣು ಆಕಡೆ ಈಕಡೆ ಹೊರಳಲಿಲ್ಲ. ಗಂಟಲಿಗೆ ನಳಿಕೆ ಇಳಿಸಿದರು, ಕೆಮ್ಮು ಬರಲಿಲ್ಲ. ಕೊನೆಗೆ ಉಸಿರಿನ ಪರೀಕ್ಷೆ, ಆಪ್ನಿಯಾ ಟೆಸ್ಟ್ ಅಂತಾರೆ. ವೆಂಟಿಲೇಟರ್ ಬಿಡಿಸಿ, ಸಣ್ಣ ಟ್ಯೂಬಿನಲ್ಲಿ ಆಕ್ಸಿಜನ್ ಮಾತ್ರ ಬಿಟ್ಟು ಎಂಟು ಹತ್ತು ನಿಮಿಷ ಕಾಯುತ್ತಾರೆ. ಆಕ್ಸಿಜನ್ ಹೋಗುತ್ತಲೇ ಇರುತ್ತದೆ, ಪರೀಕ್ಷೆಯಿಂದಲೇ ಜೀವ ಹೋಯಿತು ಎಂಬ ಭಯ ಬೇಡ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಮಿದುಳಿನ ಕಾಂಡದಲ್ಲಿ ಎಳ್ಳಷ್ಟು ಜೀವ ಇದ್ದರೂ ಎದೆ ಒಂದು ಸಲವಾದರೂ ಏಳಬೇಕು.

ಅವಳು ಆ ಎದೆಯನ್ನೇ ನೋಡುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ. ಬಾಯಲ್ಲಿ ಸದ್ದಿಲ್ಲದೆ "ತಗೊಳ್ಳಿ, ತಗೊಳ್ಳಿ" ಅನ್ನುತ್ತಿದ್ದಳು. ಹೊರಗೆ ಬಂದು ಅಮ್ಮನ ಪಕ್ಕ ಕೂತು, "ಅವರು ಉಸಿರು ತಗೊಳ್ಳಲಿಲ್ಲ ಅತ್ತೆ" ಎಂದಳು. ಮೂರು ದಿನ ನಾವ್ಯಾರೂ ಅವಳಿಗೆ ಹೇಳಿ ನಂಬಿಸಲಾಗದ ಮಾತನ್ನು ಅವಳೇ ಅಮ್ಮನಿಗೆ ಹೇಳಿದಳು.

ಎಲ್ಲರಿಗೂ ಇದನ್ನು ನೋಡುವ ಶಕ್ತಿ ಇರುವುದಿಲ್ಲ. ಅತ್ತಿಗೆ ಬೇಡ ಎಂದರೆ ಬಲವಂತ ಮಾಡಬೇಡಿ. ಅವರು ನಂಬುವ ಯಾರಾದರೂ, ಅವರ ಅಣ್ಣನೋ ತಂಗಿಯೋ, ಒಳಗೆ ನಿಲ್ಲಲಿ. ಚಿಕ್ಕಪ್ಪ ಮಾತ್ರ ಬೇಡ.

ಇನ್ನು ಅರುಣಾ ಶಾನಭಾಗ್ ವಿಷಯ. ಅತ್ತಿಗೆಯ ಪ್ರಶ್ನೆ ನ್ಯಾಯವಾದದ್ದೇ. ಆಕೆ ನಮ್ಮ ಹೊನ್ನಾವರದ ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ 1973ರ ನವೆಂಬರಿನಲ್ಲಿ ಅವರ ಮೇಲೆ ಘೋರ ಹಲ್ಲೆ ನಡೆಯಿತು. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಆ ಆಸ್ಪತ್ರೆಯ ನರ್ಸ್‌ಗಳು ಮನೆಮಗಳಂತೆ ನೋಡಿಕೊಂಡರು. ಆದರೆ ಅರುಣಾ ಅವರಿಗೆ ಬ್ರೇನ್ ಡೆತ್ ಆಗಿರಲಿಲ್ಲ. ಮಿದುಳಿನ ಕಾಂಡ ಕೆಲಸ ಮಾಡುತ್ತಿತ್ತು. ವೆಂಟಿಲೇಟರ್ ಇಲ್ಲದೆ ತಾವೇ ಉಸಿರಾಡುತ್ತಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ದಯಾಮರಣ ಬೇಡ ಎಂದಾಗ ಇದನ್ನೂ ಹೇಳಿತ್ತು. ಕೋಮಾದಿಂದ ಎದ್ದರು ಎಂದು ವಾಟ್ಸಾಪಿನಲ್ಲಿ ಬರುವ ಕಥೆಗಳಿಗೂ ನಿಮ್ಮ ಅಣ್ಣನ ಸ್ಥಿತಿಗೂ ಇದೇ ವ್ಯತ್ಯಾಸ. ಇದನ್ನು ಅತ್ತಿಗೆಗೆ ಹೇಳುವುದು ನೀವಲ್ಲ, ಡಾಕ್ಟರು ಕೂತು ಹೇಳಲಿ. ನಿಂತುಕೊಂಡಲ್ಲ. ಒಂದು ಕೋಣೆ ಕೊಡಿ ಎಂದು ಕೇಳಿ, ಕೇಳಿದರೆ ಕೊಡುತ್ತಾರೆ.

ಕಾನೂನಿನ ಗೊಂದಲವೂ ಜಗಳಕ್ಕೆ ಕಾರಣ. ನಮ್ಮ ದೇಶದಲ್ಲಿ ಮಿದುಳಿನ ಕಾಂಡ ಸತ್ತರೆ ಮನುಷ್ಯ ಸತ್ತಂತೆ ಎಂದು ಹೇಳುವುದು 1994ರ ಅಂಗಾಂಗ ಕಸಿ ಕಾಯ್ದೆ. ಜನನ ಮರಣ ನೋಂದಣಿ ಕಾಯ್ದೆ ಆ ಮಾತೇ ಎತ್ತುವುದಿಲ್ಲ. ಹೀಗಾಗಿ ಮನೆಯವರು ಅಂಗದಾನಕ್ಕೆ ಒಪ್ಪಿದರೆ ದಾರಿ ಸ್ಪಷ್ಟ. ಒಪ್ಪದಿದ್ದರೆ ಎಷ್ಟೋ ಆಸ್ಪತ್ರೆಗಳು ವೆಂಟಿಲೇಟರ್ ತೆಗೆಯಲು ಹಿಂಜರಿಯುತ್ತವೆ. 2021ರ ಜೂನಿನಲ್ಲಿ ನಟ ಸಂಚಾರಿ ವಿಜಯ್ ಅವರಿಗೆ ಬ್ರೇನ್ ಡೆತ್ ಆದಾಗ ಏನಾಯಿತು ನೆನಪಿದೆಯಾ? ಒಂದು ಕಡೆ ಸಂತಾಪ, ಇನ್ನೊಂದು ಕಡೆ ಇನ್ನೂ ಚಿಕಿತ್ಸೆ ನಡೆಯುತ್ತಿದೆ ಎಂಬ ಸುದ್ದಿ. ಅವರ ಮನೆಯವರು ಆ ದುಃಖದಲ್ಲೂ ಅಂಗದಾನಕ್ಕೆ ಒಪ್ಪಿದರು.

ನಮ್ಮಲ್ಲಿ ತಮ್ಮನ ಮಾವ ಒಪ್ಪಲಿಲ್ಲ. ಕಿಡ್ನಿಗೋಸ್ಕರವೇ ಇದೆಲ್ಲ ಮಾಡ್ತಿದ್ದಾರೆ ಎಂಬ ಅನುಮಾನ ಅವರಿಗೆ. ಬ್ರೇನ್ ಡೆತ್ ಎಂದು ಬರೆದುಕೊಡಲು ನಾಲ್ಕು ಜನ ಡಾಕ್ಟರು ಸಹಿ ಹಾಕಬೇಕು, ಕಸಿ ಮಾಡುವ ತಂಡದವರು ಅದರಲ್ಲಿ ಇರುವಂತಿಲ್ಲ, ಎರಡು ಪರೀಕ್ಷೆಗಳ ಮಧ್ಯೆ ಕನಿಷ್ಠ ಆರು ಗಂಟೆ ಬಿಡಬೇಕು. ಇದನ್ನು ಯಾರಾದರೂ ಅವರಿಗೆ ಮೊದಲ ದಿನವೇ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ. ದಾನ ಬೇಡ ಎಂದ ಮೇಲೆ ಆಸ್ಪತ್ರೆಯವರು "ಹಾಗಾದರೆ ಮನೆಗೆ ಕರ್ಕೊಂಡು ಹೋಗಿ" ಎಂದರು. ಡಾಕ್ಟರ ಸಲಹೆ ಮೀರಿ ಕರೆದೊಯ್ಯುತ್ತಿದ್ದೇವೆ ಎಂಬ ಕಾಗದಕ್ಕೆ ಸಹಿ ಹಾಕಿದವಳು ನಾನು. ಆಂಬುಲೆನ್ಸಿನ ಹುಡುಗ ಮೂರು ಗಂಟೆ ಉಸಿರು ಕೊಡುವ ಬ್ಯಾಗನ್ನು ಕೈಯಲ್ಲಿ ಒತ್ತುತ್ತಾ ಬಂದ. ನಡುಮನೆಯಲ್ಲಿ ಮಲಗಿಸಿ, ಅಮ್ಮ ತುಳಸಿ ನೀರು ಬಿಟ್ಟ ಮೇಲೆ ಟ್ಯೂಬ್ ತೆಗೆದರು. ಅವನು ಮನೆಯಲ್ಲೇ ಹೋದ ಎಂದು ಅಮ್ಮನಿಗೆ ಇವತ್ತಿಗೂ ಸಮಾಧಾನ. ನನಗೆ ಆ ಸಹಿ.

ಈಗ ಹಾಗೆ ಮಾಡಬೇಕಾಗಿಲ್ಲ. ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಬಗ್ಗೆ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ದಾರಿಯನ್ನು 2023ರ ಜನವರಿಯಲ್ಲಿ ಸುಲಭ ಮಾಡಿತು. ಅದನ್ನು ಜಾರಿ ಮಾಡಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಆಸ್ಪತ್ರೆಯ ಮೂವರು ಡಾಕ್ಟರರ ಮಂಡಳಿ ನೋಡುತ್ತದೆ. ಆಮೇಲೆ ಇನ್ನೊಂದು ಮೂವರ ಮಂಡಳಿ, ಅದರಲ್ಲಿ ಒಬ್ಬರನ್ನು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸುತ್ತಾರೆ. ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅಂದರೆ ದಾನ ಬೇಡ ಎಂದರೂ ಆಸ್ಪತ್ರೆಯಲ್ಲೇ ಗೌರವದಿಂದ ಮುಗಿಸಲು ದಾರಿ ಇದೆ. ಈ ಆದೇಶದ ಪ್ರಕಾರ ಮಾಡಿ ಎಂದು ಸ್ಪಷ್ಟವಾಗಿ ಕೇಳಿ. ನಿಮ್ಮದು ಅಪಘಾತದ ಕೇಸ್ ಆದ್ದರಿಂದ ಪೊಲೀಸರು, ಪೋಸ್ಟ್‌ಮಾರ್ಟಂ ಇದ್ದೇ ಇರುತ್ತದೆ. ಇದನ್ನೂ ಅತ್ತಿಗೆಗೆ ಮೊದಲೇ ಹೇಳಿಡಿ.

ಅಂಗದಾನದ ಮಾತು ಎರಡನೇ ಪರೀಕ್ಷೆಗೆ ಮೊದಲು ಮನೆಯಲ್ಲಿ ಎತ್ತಬೇಡಿ. ಆಮೇಲೆ ಆಸ್ಪತ್ರೆಯವರೇ ಕೇಳುತ್ತಾರೆ, ಕೇಳಬೇಕು ಎಂದು ಕಾನೂನಿದೆ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. ಒಪ್ಪಿದ ನಂತರ ಅಂಗಗಳನ್ನು ಕಾಪಾಡುವ, ತೆಗೆಯುವ ಖರ್ಚು ನಿಮ್ಮ ಮೇಲೆ ಬೀಳುವಂತಿಲ್ಲ. ನನ್ನ ತಮ್ಮನ ಅಂಗ ದಾನ ಮಾಡಬೇಕಿತ್ತು ಎಂಬುದು ನನ್ನ ಮನಸ್ಸು. ಆದರೆ ಅತ್ತಿಗೆ ಬೇಡ ಎಂದರೆ ಅಲ್ಲಿಗೆ ಬಿಡಿ, ಒತ್ತಾಯ ಮಾಡಬೇಡಿ.

ಚಿಕ್ಕಪ್ಪನಿಗೆ ಒಂದು ಮಾತು ಹೇಳಿ: ಇವತ್ತು ರಾತ್ರಿ ಅತ್ತಿಗೆಯ ಎದುರು ಬಿಲ್ಲಿನ ಲೆಕ್ಕ ಬೇಡ. ನೀವು ಅತ್ತಿಗೆಯ ಜೊತೆ ಸುಮ್ನೆ ಕೂತಿರಿ, ಒಂದಿಷ್ಟು ಊಟ ಮಾಡಿಸಿ. ತಮ್ಮನ ಹೆಂಡತಿ ನನ್ನ ಜೊತೆ ಮತ್ತೆ ಸರಿಯಾಗಿ ಮಾತಾಡಲು ಎರಡು ವರ್ಷ ಹಿಡಿಯಿತು. ಪರೀಕ್ಷೆ ಎಷ್ಟು ಗಂಟೆಗೆ ಎಂದು ಗೊತ್ತಾದರೆ ಇಲ್ಲೇ ಬರೆಯಿರಿ. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.