ಪೋಸ್ಟ್ ಬಗ್ಗೆ ಬರೆದಿರಿ, ಹಲ್ಲನ್ನೇ ಬಿಟ್ಟಿರಿ

ನಮಸ್ಕಾರ.

ರೂಟ್ ಕೆನಾಲ್ ಆದ ಹಲ್ಲಿನ ಬೇರಿನೊಳಗೆ ಕೂರಿಸುವ ಸಣ್ಣ ಕಡ್ಡಿಗಳ, ಅಂದರೆ ಪೋಸ್ಟ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮಗೆ ವಿಷಯ ಗೊತ್ತಿದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮುಖ್ಯವಾದದ್ದು ಕೊನೆಗೆ ಹೋಗಿ ಕೂತಿದೆ.

ಮೊದಲ ಸಾಲೇ ನೋಡಿ: "ಪೋಸ್ಟ್ ದುರ್ಬಲ ಹಲ್ಲಿಗೆ ಬಲ ತುಂಬುತ್ತದೆ." ತುಂಬುವುದಿಲ್ಲ. ಮುರಿದುಹೋದ ಹಲ್ಲಿನ ಜಾಗದಲ್ಲಿ ಮೇಲೆ ಕಟ್ಟುವ ದಿಮ್ಮಿ, ಅಂದರೆ ಕೋರ್, ಕಳಚದಂತೆ ಹಿಡಿಯುವುದು ಅದರ ಕೆಲಸ. ಆ ಕೋರ್ ಮೇಲೆ ಕ್ಯಾಪ್ ಕೂರುತ್ತದೆ, ಅಷ್ಟೆ. ಪೋಸ್ಟ್‌ಗೆ ಜಾಗ ಮಾಡಲು ಬೇರನ್ನು ಕೊರೆದಷ್ಟೂ ಅದರ ಗೋಡೆ ತೆಳುವಾಗುತ್ತದೆ. ನಾಲ್ಕನೇ ಪುಟದಲ್ಲಿ ನೀವೇ "ದಪ್ಪ ಪೋಸ್ಟ್ ಹಾಕಿದರೆ ಬೇರು ಸೀಳುವ ಅಪಾಯ ಜಾಸ್ತಿ" ಎಂದಿದ್ದೀರಿ. ಹಾಗಾದರೆ ಮೊದಲ ಪುಟದ ಬಲ ಎಲ್ಲಿ ಹೋಯಿತು?

ಇನ್ನು ಆ ಕೋಷ್ಟಕ. ಹಲ್ಲಿನ ಬಹುಭಾಗವಾದ ಡೆಂಟಿನ್‌ನ ಬಿಗಿತ, ಅಂದರೆ ಬಾಗದೆ ನಿಲ್ಲುವ ಗುಣ, ಸುಮಾರು 18 ಗಿಗಾಪ್ಯಾಸ್ಕಲ್, ಟೈಟಾನಿಯಂ ಸುಮಾರು 110, ಸ್ಟೀಲ್ ಮತ್ತು ಜಿರ್ಕೋನಿಯಾ ಎಂಬ ಸೆರಾಮಿಕ್ ಸುಮಾರು 200. ಸರಿ, ಅದರಿಂದ ಏನಾಗುತ್ತದೆ? ಅದನ್ನು ನೀವು ಹೇಳಲೇ ಇಲ್ಲ. ಅಗಿಯುವಾಗ ಹಲ್ಲು ಚೂರು ಬಾಗುತ್ತದೆ. ಬಿಗಿಯಾದ ಲೋಹದ ಪೋಸ್ಟ್ ಅದರ ಜೊತೆ ಬಾಗುವುದಿಲ್ಲ. ಹೊರೆ ಪೋಸ್ಟ್ ಮೂಲಕ ಕೆಳಗಿಳಿದು ಅದರ ತುದಿಯ ಸುತ್ತ ಸೇರುತ್ತದೆ. ಅಲ್ಲಿ ಬೇರು ಉದ್ದಕ್ಕೆ ಸೀಳಿದರೆ ಸಾಮಾನ್ಯವಾಗಿ ಹಲ್ಲು ಕೀಳುವುದೇ ದಾರಿ. ಗ್ಲಾಸ್ ಫೈಬರ್ ಪೋಸ್ಟ್‌ನ ಬಿಗಿತ ಡೆಂಟಿನ್‌ಗೆ ಹತ್ತಿರ, ಹಾಗಾಗಿ ಎರಡೂ ಒಟ್ಟಿಗೆ ಬಾಗುತ್ತವೆ. ಹೊರೆ ಹೆಚ್ಚಾಗಿ ಹಲ್ಲಿನ ಕುತ್ತಿಗೆಯ ಬಳಿ, ಅಂದರೆ ವಸಡಿನ ಅಂಚಿನ ಹತ್ತಿರ ಬೀಳುತ್ತದೆ. ಫೈಬರ್ ಪೋಸ್ಟ್ ಕೆಡುವಾಗ ಅಂಟು ಬಿಟ್ಟು ಸಡಿಲವಾಗುವುದೇ ಜಾಸ್ತಿ, ಎಷ್ಟೋ ಸಲ ಮತ್ತೆ ಕೂರಿಸಬಹುದು. ಓದುಗರಿಗೆ ಬೇಕಾದದ್ದು ಇದು, ಅಲ್ವಾ? ಆದರೆ "ಫೈಬರ್ ಒತ್ತಡವನ್ನು ಇಲ್ಲವಾಗಿಸುತ್ತದೆ" ಎಂಬ ನಿಮ್ಮ ಸಾಲು ತೆಗೆಯಿರಿ. ಒತ್ತಡ ಎಲ್ಲೂ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಕುತ್ತಿಗೆಯಲ್ಲಿ ಹಲ್ಲೇ ಉಳಿದಿಲ್ಲದಿದ್ದರೆ ಆ ಬಾಗುವಿಕೆಯೇ ಕ್ಯಾಪ್ ಅಂಚಿನ ಸಿಮೆಂಟ್ ಬಿಡಿಸಿ, ಒಳಗೆ ಹುಳುಕಿಗೆ ದಾರಿ ಮಾಡುತ್ತದೆ.

ಆಕಾರದ ಮೂರು ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ. ತುದಿಗೆ ಸಣ್ಣದಾಗುವ ಪೋಸ್ಟ್ ಬೆಣೆಯ ಹಾಗೆ ಬೇರನ್ನು ಅಗಲಿಸಲು ನೋಡುತ್ತದೆ. ಉದ್ದಕ್ಕೂ ಒಂದೇ ದಪ್ಪದ್ದು ಗಟ್ಟಿಯಾಗಿ ಕೂರುತ್ತದೆ, ಆದರೆ ಬೇರು ಕಿರಿದಾಗುವ ಕಡೆ ಡೆಂಟಿನ್ ಜಾಸ್ತಿ ತಿನ್ನುತ್ತದೆ. ತಿರುಗಿಸಿ ಕೂರಿಸುವ ಸ್ಕ್ರೂ ಪೋಸ್ಟ್ ಅಂತೂ ಒಂದು ತುತ್ತು ಅಗಿಯುವ ಮೊದಲೇ ಒತ್ತಡ ಹುಟ್ಟಿಸಿರುತ್ತದೆ.

ಫೆರ್ರೂಲ್‌ಗೆ, ಅಂದರೆ ಕ್ಯಾಪ್ ಉಳಿದ ಹಲ್ಲನ್ನು ಸುತ್ತಲೂ ಬಳೆಯಂತೆ ಹಿಡಿಯುವುದಕ್ಕೆ, ನೀವು ಕೊಟ್ಟಿರುವುದು ಕಡೆಯ ಒಂದೇ ಸಾಲು! ಕ್ಯಾಪ್ ಒಳಗೆ ಸುತ್ತಲೂ 1.5ರಿಂದ 2 ಮಿಲಿಮೀಟರ್ ಎತ್ತರದ ಗಟ್ಟಿ ಹಲ್ಲು ಸಿಕ್ಕರೆ ಪೋಸ್ಟ್ ಯಾವುದು ಎಂಬ ಜಗಳ ಅರ್ಧ ಮುಗಿದ ಹಾಗೆ. ಲೇಖನ ಇಲ್ಲಿಂದಲೇ ಶುರುವಾಗಬೇಕು.

ಒತ್ತಡವನ್ನು ಲೆಕ್ಕ ಹಾಕಿ ತೋರಿಸುವ ಕೆಂಪು-ನೀಲಿ ಬಣ್ಣದ ಕಂಪ್ಯೂಟರ್ ಚಿತ್ರಗಳು ಚೆನ್ನಾಗಿವೆ. ಆದರೆ ಅವುಗಳ ಕೆಳಗೆ "ಸಾಬೀತಾಗಿದೆ" ಎಂದು ಬರೆಯಬೇಡಿ. ಇಂಥ ಲೆಕ್ಕದಲ್ಲಿ ಹೆಚ್ಚಾಗಿ ಡೆಂಟಿನ್ ಎಲ್ಲ ಕಡೆ ಒಂದೇ ತರ, ಅಂಟು ಎಲ್ಲೂ ಬಿಡುವುದಿಲ್ಲ ಎಂದು ಅಂದುಕೊಂಡಿರುತ್ತಾರೆ. ಎರಡು ಪೋಸ್ಟ್‌ಗಳನ್ನು ಹೋಲಿಸಲು ಅದು ಸಾಕು. ಬಾಯೊಳಗಿನ ಹಲ್ಲು ಎಷ್ಟು ವರ್ಷ ಬಾಳುತ್ತದೆ ಎಂದು ಹೇಳಲು ಸಾಲದು.

ಕೋಷ್ಟಕ ಕೈಬಿಡಿ. ಉದ್ದಕ್ಕೆ ಕತ್ತರಿಸಿದ ಹಲ್ಲಿನ ಚಿತ್ರ ಒಂದನ್ನು ಉಳಿಸಿಕೊಂಡು, ಪೋಸ್ಟ್ ತುದಿ ಮತ್ತು ಕುತ್ತಿಗೆ ಎರಡಕ್ಕೂ ಗುರುತು ಹಾಕಿ. ಹಾಗೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇನೆ.